ಆದಾಯ ಪ್ರಮಾಣಪತ್ರದ ಸಂದರ್ಶನ

ಆದಾಯ ಪ್ರಮಾಣಪತ್ರ ಎಂಬುದು ಒಂದು ಹಾಳೆಯ ದಾಖಲೆ. ನಾಡಕಚೇರಿಯಲ್ಲಿ ಹುಟ್ಟುತ್ತದೆ, 5 ವರ್ಷ ಬದುಕುತ್ತದೆ, ‘ಆರ್‌ಡಿ’ಯಿಂದ ಶುರುವಾಗುವ ಉದ್ದನೆಯ ಸಂಖ್ಯೆಯೊಂದನ್ನು ಹೊತ್ತಿರುತ್ತದೆ. ಕೆಜಿಎಫ್, ಬಂಗಾರಪೇಟೆಯ ಮನೆಗಳಲ್ಲಿ ಮಕ್ಕಳ ಕಾಲೇಜಿನ ಮಾತು ಬಂದರೆ ಅಂಕಪಟ್ಟಿಗಿಂತ ಮೊದಲು ಹುಡುಕುವುದು ಇದನ್ನೇ. ಬಂಗಾರಪೇಟೆಯ ಜೆರಾಕ್ಸ್ ಅಂಗಡಿಯೊಂದರಲ್ಲಿ ಗಾಜಿನ ಮೇಲೆ ಬೋರಲು ಮಲಗಿದ್ದಾಗ ಅದು ಸಂದರ್ಶನಕ್ಕೆ ಸಿಕ್ಕಿತು. ಕಚೇರಿ ಕಾಗದಗಳ ರೂಢಿಯಂತೆ ಅದು ತನ್ನನ್ನು ‘ನಾನು’ ಎನ್ನುವುದಿಲ್ಲ.

ಪ್ರಶ್ನೆ: ಪತ್ರದಲ್ಲಿರುವ ಮೊತ್ತ ಬರುವುದು ಎಲ್ಲಿಂದ?

ಉತ್ತರ: ಸಂಬಳದ ಚೀಟಿ ಇದ್ದವರಿಗೆ ಚೀಟಿಯಿಂದ. ಕೆಜಿಎಫ್‌ನ ಚಿನ್ನದ ಗಣಿ ಕಂಪನಿ ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರುವರಿ 28ರಂದು ಮುಚ್ಚಿದ ಮೇಲೆ ಕಾರ್ಮಿಕರ ವಸತಿಯಾದ ಗಣಿ ಲೈನುಗಳಲ್ಲಿ ಅಂಥ ಚೀಟಿ ಅಪರೂಪ. ಮಾರಿಕುಪ್ಪಂನಿಂದ ನಸುಕಿನ ರೈಲು ಹತ್ತಿ ಬೆಂಗಳೂರಿಗೆ ಗಾರೆ ಕೆಲಸಕ್ಕೋ ಸೆಕ್ಯೂರಿಟಿ ಕೆಲಸಕ್ಕೋ ಹೋಗುವವರ ಆದಾಯವನ್ನು ವಿಚಾರಿಸಿ ಬರೆಯುತ್ತಾರೆ. ಆದ್ದರಿಂದ ಅದು ಬಹುಪಾಲು ದುಂಡು ಸಂಖ್ಯೆ. ಕಚೇರಿಗೆ ಅಲೆದ ದಿನ ತಂದೆಯ ಕೂಲಿ ಹೋಗುತ್ತದೆ. ಅದನ್ನು ಕಳೆದು ತೋರಿಸಲು ಕಾಲಂ ಇಲ್ಲ.

ಪ್ರಶ್ನೆ: ಎಷ್ಟಿದ್ದರೆ ಕ್ಷೇಮ?

ಉತ್ತರ: ಪರಿಶಿಷ್ಟ ಜಾತಿಯ ಮಕ್ಕಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಕೇಂದ್ರದ ನಿಯಮದಂತೆ ಪೋಷಕರ ವರಮಾನ ವರ್ಷಕ್ಕೆ 2.5 ಲಕ್ಷ ರೂಪಾಯಿ ಮೀರಬಾರದು. ಅದಕ್ಕಿಂತ ಒಂದು ರೂಪಾಯಿ ಹೆಚ್ಚಾದರೂ ಕುಟುಂಬ ಸ್ಥಿತಿವಂತವಾಗುತ್ತದೆ. ಓವರ್‌ಟೈಮ್ ಮಾಡುವವರು ಇದನ್ನು ಗಮನದಲ್ಲಿಡುವುದು ಒಳ್ಳೆಯದು.

ಪ್ರಶ್ನೆ: ರೈತ ವಿದ್ಯಾನಿಧಿ?

ಉತ್ತರ: 2021ರಲ್ಲಿ ರಾಜ್ಯ ಸರ್ಕಾರ ತಂದ ವಿದ್ಯಾರ್ಥಿವೇತನ. ಬಿಎ, ಬಿಕಾಂ ಓದುವ ಹುಡುಗರಿಗೆ 5,000, ಹುಡುಗಿಯರಿಗೆ 5,500 ರೂಪಾಯಿ. ರೈತರ ಮಕ್ಕಳಾದರೆ ಪೋಷಕರ ರೈತ ನೋಂದಣಿ ಸಂಖ್ಯೆಯಾದ ಫ್ರೂಟ್ಸ್ ಐಡಿ ಬೇಕು, ಐಡಿಗೆ ಪಹಣಿ ಬೇಕು. ಬಂಗಾರಪೇಟೆಯ ಹಳ್ಳಿಗಳಲ್ಲಿ ಪಹಣಿ ಉಂಟು. ಗಣಿ ಲೈನುಗಳ ಅಜ್ಜಂದಿರು 3 ಕಿಲೋಮೀಟರು ಆಳದವರೆಗೂ ಇಳಿದು ದುಡಿದರು, ಮೇಲ್ಗಡೆ ಅವರ ಹೆಸರಿಗೆ ಒಂದು ಗುಂಟೆ ಇಲ್ಲ.

ಪ್ರಶ್ನೆ: ಅರ್ಜಿ ಎಲ್ಲಿ ಕೆಡುತ್ತದೆ?

ಉತ್ತರ: ಇನಿಷಿಯಲ್‌ನಲ್ಲಿ. ಕೆಜಿಎಫ್‌ನ ತಮಿಳು, ತೆಲುಗು ಮನೆಗಳ ಹುಡುಗನ ಹೆಸರಿಗೆ ತಂದೆಯ ಅಕ್ಷರ ಶಾಲೆಯ ದಾಖಲೆಯಲ್ಲಿ ಮುಂದೆ ಬರುತ್ತದೆ, ಆಧಾರ್‌ನಲ್ಲಿ ಹಿಂದೆ, ಜಾತಿ ಪತ್ರದಲ್ಲಿ ಪೂರ್ತಿ ಬಿಡಿಸಿ. ರಾಜ್ಯದ ವಿದ್ಯಾರ್ಥಿವೇತನ ಅರ್ಜಿಗಳ ಎಸ್‌ಎಸ್‌ಪಿ ಪೋರ್ಟಲ್‌ಗೆ ಇವರು ಮೂವರು ಹುಡುಗರು. ಎಸ್ಸೆಸ್ಸೆಲ್ಸಿ ನೋಂದಣಿಗೆ ಮೊದಲೇ ಆಧಾರ್ ಹಾಗೂ ಶಾಲಾ ದಾಖಲೆಯನ್ನು ಒಂದು ಮಾಡಿಸಿದ ಪೋಷಕರು ಅರ್ಧ ವಿದ್ಯಾರ್ಥಿವೇತನ ಗಳಿಸಿದಂತೆ.

ಪ್ರಶ್ನೆ: ಹಣ ಬರುವುದು ಯಾವಾಗ, ಎಲ್ಲಿಗೆ?

ಉತ್ತರ: ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಖಾತೆಗೆ. ಪಾಸ್‌ಬುಕ್ ಜೆರಾಕ್ಸ್ ಯಾವುದೇ ಬ್ಯಾಂಕಿನದಾಗಿರಲಿ, ಹಣ ಎಂದೋ ತೆರೆದು ಮರೆತ ಖಾತೆಗೆ ಹೋಗಿ ಕೂತೀತು. ಬ್ಯಾಂಕಿನಲ್ಲಿ ಎನ್‌ಪಿಸಿಐ ಜೋಡಣೆ ಯಾವ ಖಾತೆಗಿದೆ ಎಂದು ಮೊದಲೇ ಕೇಳಿ ತಿಳಿಯಬೇಕು. ಪರಿಶಿಷ್ಟ ಜಾತಿ ಯೋಜನೆಯಲ್ಲಿ ರಾಜ್ಯ ತನ್ನ ಶೇ 40 ಪಾಲು ಕೊಟ್ಟ ಮೇಲೆ ಕೇಂದ್ರದ ಶೇ 60 ಬರುತ್ತದೆ. ಕಾಲೇಜಿನ ಶುಲ್ಕದ ಕೊನೆಯ ದಿನಾಂಕ ಇಬ್ಬರಿಗೂ ಕಾಯುವುದಿಲ್ಲ. ನಡುವಿನ ತಿಂಗಳುಗಳನ್ನು ಗಿರವಿ ಅಂಗಡಿ ಸೇರಿದ ತಾಯಿಯ ಓಲೆ ನಿಭಾಯಿಸುತ್ತದೆ. ಚಿನ್ನದ ಊರಿಗೆ ಚಿನ್ನ ಈಗಲೂ ಉಪಯೋಗಕ್ಕೆ ಬರುವುದು ಹೀಗೆ.

ಪ್ರಶ್ನೆ: ಕೇಳುವವರಿಲ್ಲದೆ ಉಳಿಯುವ ಹಣ?

ಉತ್ತರ: ಸಮಾಜ ಕಲ್ಯಾಣ ಇಲಾಖೆಯ ಪ್ರೋತ್ಸಾಹಧನ. ದ್ವಿತೀಯ ಪಿಯುಸಿಯನ್ನು ಮೊದಲ ಯತ್ನದಲ್ಲೇ ಪ್ರಥಮ ದರ್ಜೆಯಲ್ಲಿ ಮುಗಿಸಿದ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗೆ 20,000 ರೂಪಾಯಿ. ಅದಕ್ಕೆ ಬೇರೆಯೇ ಅರ್ಜಿ. ವಿದ್ಯಾರ್ಥಿವೇತನಕ್ಕೆ ಹಾಕಿಯಾಯಿತಲ್ಲ ಎಂದು ಸುಮ್ಮನಾದವರಿಗೆ ಸಿಗುವುದಿಲ್ಲ.

ಪ್ರಶ್ನೆ: ಪತ್ರದ 5 ವರ್ಷದ ಆಯಸ್ಸು ಸಾಲುತ್ತದೆಯೇ?

ಉತ್ತರ: ಮೊದಲ ಪಿಯುಸಿಗೆ ಮಾಡಿಸಿದ್ದಾದರೆ ಪಿಯುಸಿಗೆ ಎರಡು, ಬಿಎ ಬಿಕಾಂಗೆ ಮೂರು, ಲೆಕ್ಕ ಸರಿ. ಬಿಇ ಸೇರಿದವರಿಗೆ ಕೊನೆಯ ವರ್ಷದ ಅರ್ಜಿಯ ಹೊತ್ತಿಗೆ ಪತ್ರ ತೀರಿಕೊಂಡಿರುತ್ತದೆ. ಹೊಸ ಪತ್ರ, ಹೊಸ ಆರ್‌ಡಿ ಸಂಖ್ಯೆ, ಹೊಸ ವಿಚಾರಣೆ; ಪೋರ್ಟಲ್ ಮುಚ್ಚುವುದರೊಳಗೆ ಮುಗಿಯಬೇಕು.