ಮುಹೂರ್ತ ಮೊದಲು, ಸೇತುವೆ ಆಮೇಲೆ

ಕಲ್ಯಾಣ್–ಶೀಳ್ ರಸ್ತೆಯ ಪಲಾವಾ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 4ರಂದು. ಮುಚ್ಚಿದ್ದೂ ಅಂದೇ. ವರ್ಷಗಟ್ಟಲೆ ಕೆಳಗೆ ಧೂಳು ಕುಡಿದವರು ಕೊನೆಗೂ ಮೇಲೆ ಹತ್ತಿದರು, ಬೈಕುಗಳು ಜಾರಿದವು, ಕೆಲವೇ ಗಂಟೆಗಳಲ್ಲಿ ದಾರಿ ಬಂದ್.

ನನ್ನ ಸೋದರಳಿಯ ಐರೋಲಿಯ ಐಟಿ ಕಂಪನಿಯೊಂದರಲ್ಲಿ ಪ್ರಾಜೆಕ್ಟ್ ಮ್ಯಾನೇಜರ್. "ಮಾವ, ಟೆಸ್ಟಿಂಗ್ ಹಂತವನ್ನೇ ಹಾರಿಸಿಬಿಟ್ಟಿದ್ದಾರಲ್ಲ!" ಎಂದು ಹೌಹಾರಿದ. ಹಾರಿಸಿಲ್ಲ ಮಾರಾಯ, ಬೈಕಿನವರಿಂದ ಮಾಡಿಸಿದ್ದಾರೆ, ಅದೂ ಬಿಟ್ಟಿಯಾಗಿ.

ಪಾಪ, ಅವನು ಓದಿದ ಪುಸ್ತಕವೇ ಬೇರೆ. ಏನು ಕೆಲಸ, ಎಷ್ಟು ದುಡ್ಡು, ಯಾವಾಗ ಮುಗಿಯಬೇಕು ಎಂಬ ಮೂರನ್ನೂ ಮೊದಲೇ ಬರೆದಿಡಬೇಕಂತೆ. ಒಂದನ್ನು ಎಳೆದರೆ ಉಳಿದೆರಡೂ ಅಲುಗುತ್ತವಂತೆ. ಅದರ ಮೇಲೆ 'ಕ್ರಿಟಿಕಲ್ ಪಾತ್' ಬೇರೆ. 1957ರ ಸುಮಾರಿಗೆ ಅಮೆರಿಕದ ಡುಪಾಂಟ್ ಕಂಪನಿಯಲ್ಲಿ ರೂಪುಗೊಂಡ ಲೆಕ್ಕ ಅದು: ಯಾವ ಕೆಲಸ ಒಂದು ದಿನ ತಡವಾದರೆ ಇಡೀ ಯೋಜನೆಯೇ ಒಂದು ದಿನ ತಡವಾಗುತ್ತದೋ, ಅಂಥ ಕೆಲಸಗಳ ಸರಪಳಿ. ಡೊಂಬಿವಲಿ ಸ್ಟೇಶನ್ ಹತ್ತಿರದ ಉಡುಪಿ ಹೋಟೆಲಿನ ಭಟ್ಟರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಬೆಳಗಿನ ಫಾಸ್ಟ್ ಲೋಕಲ್ ಹಿಡಿಯುವವರಿಗೆ ಇಡ್ಲಿ ಸಿಗಬೇಕಾದರೆ ಹಿಂದಿನ ದಿನವೇ ಉದ್ದು ನೆನೆಯಬೇಕು. ಚಟ್ನಿ ತಡವಾದರೆ ಸಾಂಬಾರು ಕೊಟ್ಟು ಸಂಭಾಳಿಸಬಹುದು. ಹಿಟ್ಟು ಹುದುಗದಿದ್ದರೆ ಶಟರ್ ಎತ್ತಿ ಏನು ಪ್ರಯೋಜನ?

ನಮ್ಮ ಕಡೆಯ ಕ್ರಿಟಿಕಲ್ ಪಾತ್ ಮಾತ್ರ ಸಾಹೇಬರ ಡೈರಿಯ ಮೂಲಕ ಹಾದುಹೋಗುತ್ತದೆ. ನವಿ ಮುಂಬಯಿ ಮೆಟ್ರೊ ನೋಡಿ. ಬೇಲಾಪುರದಿಂದ ಪೆಂಧರ್‌ವರೆಗೆ 11 ಕಿ.ಮೀ., 11 ನಿಲ್ದಾಣ, 2011ರಲ್ಲಿ ಶುರು. ಹಳಿ ಸಿದ್ಧ, ಗಾಡಿ ಸಿದ್ಧ, ಸುರಕ್ಷತೆಯ ಸರ್ಟಿಫಿಕೇಟೂ ಸಿದ್ಧ. ಗಣ್ಯರ ತಾರೀಖೊಂದು ಸಿಗಲಿಲ್ಲ. ಕೊನೆಗೆ 2023ರ ನವೆಂಬರ್ 17ರಂದು ರಿಬ್ಬನ್ ಕತ್ತರಿಸದೆಯೇ ಬಿಟ್ಟರು. ಆಶ್ಚರ್ಯವೆಂದರೆ ಗಾಡಿ ಓಡಿತು!

ಕೆಡವುವುದರಲ್ಲಿ ಮಾತ್ರ ನಮಗೆ ಸಾಟಿಯಿಲ್ಲ. ಕಲ್ಯಾಣದ ನೂರು ವರ್ಷ ದಾಟಿದ ಪತ್ರಿಪುಲ್ ಸೇತುವೆಯನ್ನು 2018ರ ನವೆಂಬರ್ 18ರ ಭಾನುವಾರ ರೈಲು ನಿಲ್ಲಿಸಿ ಮೆಗಾಬ್ಲಾಕ್ ಹಾಕಿ ಕ್ರೇನಿನಿಂದ ಎತ್ತಿ ಇಳಿಸಿದರು. ಹೊಸದು ತೆರೆದದ್ದು 2021ರ ಜನವರಿ 25ಕ್ಕೆ. ನಡುವೆ ಲಾಕ್‌ಡೌನ್ ಬಂತು, ನಿಜ. ಅದಕ್ಕೂ ಮೊದಲು ತಪ್ಪಿದ ಗಡುವುಗಳೂ ತಮ್ಮ ಪಾಪವನ್ನು ಅದರ ಮಡಿಲಿಗೇ ಹಾಕಿ ಕೈತೊಳೆದುಕೊಂಡವು.

ಹಳೆಯ ಕಾಲವೇ ಚೆಂದವಿತ್ತು ಎನ್ನುವ ಅಜ್ಜಂದಿರಿಗೆ ಇಲ್ಲೊಂದು ಲೆಕ್ಕ ಸಿಗುತ್ತದೆ. 1850ರ ಕೊನೆಯಲ್ಲಿ ಮಣ್ಣು ಅಗೆಯಲು ಶುರುಮಾಡಿ, 1853ರ ಏಪ್ರಿಲ್ 16ಕ್ಕೆ ಬೋರಿಬಂದರ್‌ನಿಂದ ಠಾಣೆಗೆ 34 ಕಿ.ಮೀ. ರೈಲು ಓಡಿಸಿದರು. ಠಾಣೆ–ದಿವಾ ನಡುವಿನ ಐದನೇ, ಆರನೇ ಹಳಿಗಳು ಹತ್ತು ಕಿ.ಮೀ. ಕೂಡ ಇಲ್ಲ, 2008ರಲ್ಲಿ ಮಂಜೂರಾಗಿ ಬಳಕೆಗೆ ಬಂದದ್ದು 2022ರ ಫೆಬ್ರವರಿಯಲ್ಲಿ. ಆದರೆ ಬ್ರಿಟಿಷರು ಯಾರನ್ನೂ ಕೇಳಿ ಮನೆ ಎಬ್ಬಿಸಬೇಕಿರಲಿಲ್ಲ. ಪಕ್ಕದ ಹಳಿಯಲ್ಲಿ ನಿಮಿಷಕ್ಕೊಂದು ಲೋಕಲ್ ಜನರನ್ನು ಬಾಗಿಲಿಗೆ ನೇತುಹಾಕಿಕೊಂಡು ಓಡುತ್ತಿರಲಿಲ್ಲ. ನಮ್ಮ ಎಂಜಿನಿಯರುಗಳು ದಡ್ಡರೇನಲ್ಲ. ಗುಡಿಸಲಿನವರಿಗೆ ಬೇರೆ ಮನೆ, ನೆಲದಡಿಯ ಪೈಪು, ರೈಲ್ವೆಯ ಬ್ಲಾಕು ಎಲ್ಲವೂ ಕೆಲಸದ ಭಾಗವೇ ಎಂದು ಪಟ್ಟಿಯಲ್ಲಿ ಮೊದಲೇ ಬರೆದರೆ ಗಡುವು ನಿಜವಾದ ಗಡುವಾಗುತ್ತದೆ. ಹಾಗೆ ಬರೆದರೆ ತಾರೀಖು ಮುಂದಿನ ಚುನಾವಣೆಯ ಆಚೆಗೆ ಹೋಗುತ್ತದೆ. ಅದನ್ನು ಓದಿ ಹೇಳುವ ಧೈರ್ಯ ಯಾವ ಸಭೆಯಲ್ಲಿ ಯಾರಿಗಿದೆ?

ಅಳಿಯನ ಆಫೀಸಿನಲ್ಲಿ ಪ್ರತಿ ಕೆಲಸದ ಎದುರು ಒಬ್ಬನ ಹೆಸರು, ಒಂದು ತಾರೀಖು ಇರುತ್ತದಂತೆ. ನಮ್ಮಲ್ಲೂ ಇದೆ. ಅಮೃತಶಿಲೆಯಲ್ಲೇ ಇದೆ: ಯಾರ ಶುಭಹಸ್ತ, ಯಾರ ಘನ ಉಪಸ್ಥಿತಿ, ಯಾವ ದಿನ. ಮುಗಿಸಿಕೊಡುತ್ತೇವೆಂದು ಮಾತುಕೊಟ್ಟ ತಾರೀಖು ಮಾತ್ರ ಇರುವುದಿಲ್ಲ. ನವಿ ಮುಂಬಯಿ ವಿಮಾನ ನಿಲ್ದಾಣಕ್ಕೆ 2018ರಲ್ಲಿ ಶಿಲಾನ್ಯಾಸವಾದಾಗ 2019ರ ಕೊನೆಗೆ ವಿಮಾನ ಹಾರುತ್ತದೆ ಎಂದಿದ್ದರು. ಹಾರಿದ್ದು 2025ರ ಡಿಸೆಂಬರ್ 25ಕ್ಕೆ.

ಆ ಹಳೆಯ ತಾರೀಖನ್ನೂ ಕಲ್ಲಿನಲ್ಲೇ ಕೆತ್ತಿಸಿ, ಮುಂದೂಡಿದಾಗಲೆಲ್ಲ ಕೆಳಗೆ ಹೊಸದನ್ನು ಸೇರಿಸುತ್ತ ಹೋಗಲಿ ಎಂಬುದು ಅಳಿಯನ ಸಲಹೆ. ಒಳ್ಳೆಯದೇ. ಆದರೆ ಅಷ್ಟುದ್ದದ ಕಲ್ಲು ನಿಲ್ಲಿಸಲು ಬೇರೆಯೇ ಅಡಿಪಾಯ ಬೇಕು, ಅದಕ್ಕೊಂದು ಟೆಂಡರ್ ಕರೆಯಬೇಕು, ಭೂಮಿಪೂಜೆಗೆ ಮತ್ತೆ ಸಾಹೇಬರ ತಾರೀಖು ಕೇಳಬೇಕು.