ಪುಳಿಯೋಗರೆಗೆ ರಸೀದಿ ಇಲ್ಲ

ಮಿಶಿಗನ್‌ನ ಆನ್ ಆರ್ಬರ್‌ನಲ್ಲಿ ಫುಟ್‌ಬಾಲ್ ಶನಿವಾರವೆಂದರೆ ಊರಹಬ್ಬ. 1927ರ ಕ್ರೀಡಾಂಗಣ, 1,07,601 ಆಸನ. ತೇರು ಒಳಗೆ, ಸಂತರ್ಪಣೆ ಹೊರಗೆ. ಎದುರಿನ ಗಾಲ್ಫ್ ಮೈದಾನದ ಹುಲ್ಲಿನ ಮೇಲೆ ಕಾರು ನಿಲ್ಲಿಸಿ, ಡಿಕ್ಕಿ ತೆರೆದು, ಗ್ರಿಲ್ ಹಚ್ಚಿ, ಆಟ ಶುರುವಾಗುವ ತನಕ ತಿನ್ನುವುದು. ಇದಕ್ಕೆ ಟೇಲ್‌ಗೇಟಿಂಗ್ ಅನ್ನುತ್ತಾರೆ. ನಮ್ಮ ಅಜ್ಜಂದಿರು ಜಾತ್ರೆಗೆ ಗಾಡಿ ಕಟ್ಟಿಕೊಂಡು ಹೋಗಿ, ಮರದಡಿ ಎತ್ತು ಬಿಚ್ಚಿ, ಬುತ್ತಿ ತೆಗೆಯುತ್ತಿದ್ದುದೂ ಇದೇ. ಅವರ ಬುತ್ತಿಗೆ ಆ್ಯಪ್ ಇರಲಿಲ್ಲ, ಅಷ್ಟೆ.

ನಮಗಿದೆ. ನಾವು ಎಂಟು ಕನ್ನಡ ಕುಟುಂಬ, ಎಲ್ಲರೂ ಸ್ಪ್ಲಿಟ್‌ವೈಸ್‌ನ ಪರಮಭಕ್ತರು. ಖರ್ಚು ಹಾಕಿದರೆ ಸಮಪಾಲು, ಶೇಕಡಾವಾರು, ಹೇಗೆ ಬೇಕೋ ಹಾಗೆ ಹಂಚಿಕೊಡುತ್ತದೆ. ಸಾಲ ಸರಳಗೊಳಿಸುವ ಸೌಲಭ್ಯವೂ ಉಂಟು; ಅದರ ಕೃಪೆಯಿಂದ, ನಾನು ಈವರೆಗೆ ಒಂದು ಲೋಟ ನೀರೂ ಈಸಿಕೊಳ್ಳದ ಮನುಷ್ಯನಿಗೆ ಮೂರು ವಾರದಿಂದ ಸಾಲಗಾರನಾಗಿದ್ದೇನೆ.

ನಮ್ಮಲ್ಲಿ ಒಬ್ಬರು ಐಸ್ ತರುತ್ತಾರೆ. ಐಸ್ ಮಾತ್ರ. ಎರಡು ಚೀಲ, 7 ಡಾಲರ್ 58 ಸೆಂಟ್. ಕಾರು ಇಳಿಯುವ ಮೊದಲೇ ರಸೀದಿಯ ಫೋಟೋ ಆ್ಯಪ್‌ಗೆ ಏರಿರುತ್ತದೆ. ಐಸ್ ಕೂಲರ್‌ಗೆ ಇಳಿಯುವುದು ಆಮೇಲೆ. ಇನ್ನೊಬ್ಬರು ಆ್ಯಪ್‌ನಲ್ಲಿ ಸಸ್ಯಾಹಾರಿ, ಗ್ರಿಲ್ ಪಕ್ಕದಲ್ಲಿ ಸರ್ವಾಹಾರಿ. ಚಿಕನ್ ವಿಂಗ್ಸ್ ಬಾಬ್ತಿನಿಂದ ಅವರ ಹೆಸರು ತೆಗೆಸಿದ್ದಾರೆ, ಕೈ ತೆಗೆದಿಲ್ಲ. ಕೇಳಿದರೆ, "ಬರೀ ರುಚಿ ನೋಡ್ದೆ ಗುರೂ" ಅನ್ನುತ್ತಾರೆ. ರುಚಿ ನೋಡಿದ ಮೂಳೆಗಳು ಒಂಬತ್ತು; ನಾನು ನಿಜವಾದ ಸಸ್ಯಾಹಾರಿಯಾದ್ದರಿಂದ ಎಣಿಸಲು ಪುರುಸೊತ್ತಿತ್ತು. ಮೂರನೆಯವರು ಖಾಲಿ ಡಬ್ಬಿಗಳೊಡನೆ ಬಂದು, ಉಳಿದದ್ದನ್ನು "ವೇಸ್ಟ್ ಆಗಬಾರ್ದು" ಎಂದು ತುಂಬಿಕೊಂಡು ಹೊರಡುತ್ತಾರೆ. ಉಂಡೂ ಹೋದ, ಕೊಂಡೂ ಹೋದ ಎಂಬ ಗಾದೆ ಇವರನ್ನು ಕಂಡೇ ಹುಟ್ಟಿರಬೇಕು. ಚಪ್ಪರದ ಬಾಡಿಗೆಯಲ್ಲಿ ಮಾತ್ರ ಅವರಿಗೆ ರಿಯಾಯಿತಿ ಬೇಕು: ಅವರು ನಿಂತದ್ದು ಬಿಸಿಲಲ್ಲಂತೆ.

ಇಷ್ಟು ಕಟ್ಟುನಿಟ್ಟಿನ ಲೆಕ್ಕದಲ್ಲಿ ಒಂದು ಬಾಬ್ತು ಎಂದೂ ಬಂದಿಲ್ಲ. ಪ್ರತಿ ಶನಿವಾರ ನಸುಕಿನಲ್ಲೆದ್ದು ನನ್ನ ಹೆಂಡತಿ ಮೂವತ್ತು ಜನಕ್ಕೆ ಪುಳಿಯೋಗರೆ ಕಲಸುತ್ತಾಳೆ. ಹಿಂದಿನ ರಾತ್ರಿಯೇ ಹುಣಸೆ ಕಿವುಚಿ ಗೊಜ್ಜು ಕುದಿಸಬೇಕು, ಎಳ್ಳು ಹುರಿದು ಪುಡಿ ಮಾಡಬೇಕು, ಅನ್ನ ಹರವಿ ಆರಿಸಬೇಕು. ಜೊತೆಗೆ ಕೋಸಂಬರಿ, ಮೊಸರನ್ನ. ಮಂಜುಗಡ್ಡೆಗೆ ರಸೀದಿಯಿದೆ, ಪುಳಿಯೋಗರೆಗಿಲ್ಲ. "ಮನೇಲಿ ಮಾಡಿದ್ದಲ್ವಾ!" ಅನ್ನುತ್ತಾರೆ ಗಂಡಸರು, ಹುಣಸೆಮರ ನಮ್ಮ ಹಿತ್ತಲಲ್ಲೇ ಬೆಳೆದಂತೆ. ನಾನೂ ಅಂದಿದ್ದೇನೆ. ಅಂದ ಮೇಲೆ ಎರಡನೇ ಸಲ ಬಡಿಸಿಕೊಂಡಿದ್ದೇನೆ.

ಕಳೆದ ಶನಿವಾರ ಐಸ್‌ನವರು ಅವಳೆದುರಿಗೇ ನನ್ನನ್ನು ಹಿಡಿದರು. "ನಿಮ್ಮ ತೊಂಬತ್ತೈದು ಸೆಂಟ್ ಬಾಕಿ ಹಾಗೇ ಇದೆ ಮಾರಾಯ್ರೆ." ಆಗ ಅವರ ತಟ್ಟೆಯಲ್ಲಿದ್ದದ್ದು ಪುಳಿಯೋಗರೆ.

ನನ್ನವಳು ಏನೂ ಅನ್ನಲಿಲ್ಲ. ಸೌಟು ಪಾತ್ರೆಯಲ್ಲೇ ಬಿಟ್ಟು ಕೈ ಒರೆಸಿಕೊಂಡಳು. "ರೀ, ನೀವು ಕ್ಲೈಂಟ್‌ಗೆ ಗಂಟೆಗೆ ಎಷ್ಟು ಬಿಲ್ ಮಾಡ್ತೀರಿ?"

"ಎಪ್ಪತ್ತೈದು ಡಾಲರ್. ಯಾಕೆ?"

ಉತ್ತರ ಕೊಡದೆ ಫೋನು ತೆಗೆದಳು. ಎರಡು ನಿಮಿಷ ಬಿಟ್ಟು ಎಂಟು ಜೇಬುಗಳು ಒಟ್ಟಿಗೇ ಸದ್ದು ಮಾಡಿದವು. ಪುಳಿಯೋಗರೆ: ಐದು ಗಂಟೆ ಕೆಲಸ, 375 ಡಾಲರ್. ಸಾಮಾನಿನ ಖರ್ಚು ಬಿಟ್ಟಿದ್ದೇನೆ, ಸ್ನೇಹಕ್ಕೆ.

ಕ್ರೀಡಾಂಗಣದ ಒಳಗಿಂದ ಲಕ್ಷ ಗಂಟಲಿನ ಕೂಗು ಕೇಳಿತು. ನಮ್ಮ ಚಪ್ಪರದಡಿ ಸಾಸಿವೆ ಬಿದ್ದರೂ ಕೇಳುವಂತಿತ್ತು. ಸಸ್ಯಾಹಾರಿಗಳ ಕೈಯ ವಿಂಗ್ ಬಾಯಿಗೂ ಹೋಗದೆ ತಟ್ಟೆಗೂ ಇಳಿಯದೆ ನಿಂತಿತು. ಡಬ್ಬಿಯವರು ಮುಚ್ಚಳ ತೆರೆದು ಪುಳಿಯೋಗರೆಯನ್ನು ವಾಪಸು ಪಾತ್ರೆಗೆ ಸುರಿಯಲೋ ಬೇಡವೋ ಎಂದು ಯೋಚಿಸುತ್ತಿದ್ದರು. ಐಸ್‌ನವರು ಮಾತ್ರ ಕನ್ನಡಕ ಏರಿಸಿ ತಮ್ಮ ಫೋನನ್ನೂ ಪಕ್ಕದವರದ್ದನ್ನೂ ಅಕ್ಕಪಕ್ಕ ಹಿಡಿದು ತುಂಬ ಹೊತ್ತು ಹೋಲಿಸಿದರು. ಕೊನೆಗೆ ತಲೆಯೆತ್ತಿದರು.

"ಅಲ್ಲಮ್ಮಾ, ಅವರಿಗೆ 46.87, ನನಗೆ ಮಾತ್ರ 46.88 ಯಾಕೆ?"