ಸ್ಕಿಮ್ಮರ್ ಮಾಸ್ತರು

ಭಟ್ಕಳ, ಹೊನ್ನಾವರ, ಕುಮಟಾ ಈ ಮೂರೂರಿಗೂ ಕಡಲು ಬಿಟ್ಟಿ ಸಿಕ್ಕಿದೆ. ಟಿಕೇಟಿಲ್ಲ, ಬಾಗಿಲಿಲ್ಲ, ಕರೆಂಟು ಬೇಡ. ಭೂಮಿ ಹುಟ್ಟಿದಂದಿನಿಂದ ಒಂದು ದಿನವೂ ಸರ್ವಿಸಿಗೆ ಹೋಗದೆ ಓಡುತ್ತಿದೆ. ಇಂಥ ಕಡಲಿನ ಮೊರೆತ ಕಿವಿಗೆ ಬೀಳುವಷ್ಟು ಹತ್ತಿರ ಮನೆ ಕಟ್ಟಿಕೊಂಡು, ಅದೇ ಮನೆಯ ಜಗಲಿಯಲ್ಲಿ 300 ಲೀಟರಿನ ಇನ್ನೊಂದು ಕಡಲನ್ನು ಗಾಜಿನೊಳಗೆ ಕೂಡಿಹಾಕಿ, ಅದಕ್ಕೆ ತಿಂಗಳು ತಿಂಗಳೂ ಕರೆಂಟು ಬಿಲ್ಲು ತುಂಬುವ ಜನ ನಮ್ಮಲ್ಲಿದ್ದಾರೆ. ಊರಿಗೊಬ್ಬರು ಸಿಕ್ಕರೆ ಹೆಚ್ಚು. ಆದರೆ ಅವರ ಕೈಗೆ ಸಿಕ್ಕಿದವರು ಸುಲಭಕ್ಕೆ ಬಿಡಿಸಿಕೊಂಡು ಬಂದದ್ದಿಲ್ಲ.

ಗುರುತು ಹಿಡಿಯುವುದು ಕಷ್ಟವಲ್ಲ. ಅಂಗಿಯ ಬಲತೋಳು ಸದಾ ಒದ್ದೆ. ಕನ್ನಡಕದ ಮೇಲೆ ಉಪ್ಪಿನ ಬಿಳಿ ಚುಕ್ಕೆ. ಫೋಟೋ ತೋರಿಸ್ತೇನೆ ಎಂದು ಮೊಬೈಲು ತೆಗೆದರೆ, ಮೊಮ್ಮಗನದ್ದಿರಬೇಕೆಂದು ನೀವು ಮುಖ ಅರಳಿಸಿಕೊಂಡು ಬಗ್ಗುತ್ತೀರಿ; ಕಾಣುವುದು ನೊರೆ. ಮುಂದಿನ ಫೋಟೋದಲ್ಲಿ ಇನ್ನೂ ಸ್ವಲ್ಪ ದಪ್ಪ ನೊರೆ. ಮದುವೆಮನೆಯ ಪಂಕ್ತಿಯಲ್ಲಿ "ಆರಾಮಾ?" ಎಂದು ಕೇಳಿ ನೋಡಿ: "ಅಮೋನಿಯಾ ಸೊನ್ನೆ, ನೈಟ್ರೇಟ್ ಮಾತ್ರ ಸ್ವಲ್ಪ ಏರಿದೆ" ಎಂಬ ಉತ್ತರ ಬರುತ್ತದೆ. ಇದೇ ಪಂಗಡದವರು ಹಿಂದಿನ ತಲೆಮಾರಿನಲ್ಲಿ ರೇಡಿಯೋ ಬಿಚ್ಚುತ್ತಿದ್ದರು, ಅದಕ್ಕೂ ಹಿಂದಿನವರು ಗೋಡೆ ಗಡಿಯಾರ. ಮರಳಿ ಜೋಡಿಸಿದ ಮೇಲೆ ಎರಡು ಸ್ಕ್ರೂ ಉಳಿಯುವುದು ಮಾತ್ರ ವಂಶಪಾರಂಪರ್ಯವಾಗಿ ಬಂದಿದೆ.

ನಾನು ಬಲ್ಲವರು ಹೊನ್ನಾವರದವರು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದವರು, ತಾಳಮದ್ದಲೆಯಲ್ಲಿ ಅರ್ಥ ಹೇಳಿ ನಾಲಿಗೆ ಪಳಗಿಸಿಕೊಂಡವರು, ಹುಟ್ಟಾ ಸಸ್ಯಾಹಾರಿ. ಈ ಮೂರೂ ಒಬ್ಬರಲ್ಲೇ ಸೇರಿದರೆ ಏನಾಗುತ್ತದೆಂದು ಊರಿಗೆ ಗೊತ್ತಿರಲಿಲ್ಲ. ಮೊಮ್ಮಗ ನೆಮೋ ಸಿನಿಮಾ ನೋಡಿ ಆ ಮೀನು ಬೇಕೆಂದು ಹಟ ಹಿಡಿದದ್ದೇ ನೆಪ. ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ, ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ, ಕ್ಲೌನ್ ಮೀನಿನ ಜೋಡಿಯೊಂದು ಘಟ್ಟ ಇಳಿದು ಬಂತು. ಮೊಮ್ಮಗ ಈಗ ನೆಮೋನನ್ನು ಮರೆತು ಕ್ರಿಕೆಟ್ ಹಿಡಿದಿದ್ದಾನೆ. ಅಜ್ಜನಿಗೆ ಮರೆಯುವ ಅಭ್ಯಾಸವಿಲ್ಲ.

"ಮಾಸ್ತರ್ರೇ, ಎರಡು ಕ್ಯಾನು ಹಿಡಿದು ಕಾಸರಕೋಡು ಬೀಚಿಗೆ ಹೋಗಿ ಬಂದ್ರೆ ನೀರಾಯ್ತಲ್ಲ?" ಎಂದು ಕೇಳಿದವರು ಆ ದಿನ ಊಟಕ್ಕೆ ಮನೆ ಮುಟ್ಟಲಿಲ್ಲ. ಕಾಸರಕೋಡು 2020ರಲ್ಲಿ ಬ್ಲೂ ಫ್ಲಾಗ್ ಮನ್ನಣೆ ಪಡೆದ ಕಡಲತೀರ, ನೀರು ಶುದ್ಧವೆಂದು ಪರೀಕ್ಷೆಯಾದದ್ದು. ಆದರೆ ಶುದ್ಧವಿದ್ದರೆ ಸಾಕೇ, ಉಪ್ಪು ಎಷ್ಟು? ಕಡಲ ನೀರೆಂದರೆ ಲೀಟರಿಗೆ ಸುಮಾರು 35 ಗ್ರಾಂ ಲವಣ. ನಮ್ಮಲ್ಲಿ ಮಳೆ ಹಿಡಿಯಿತೆಂದರೆ ದಡದ ನೀರಿಗೆ ಆ ಲೆಕ್ಕವೇ ಇಲ್ಲ. ಅದರ ಮೇಲೆ ಶರಾವತಿ. ಲಿಂಗನಮಕ್ಕಿಯ ನೀರು ಕರೆಂಟು ಮಾಡುತ್ತ ಮಾಡುತ್ತ ಗೇರುಸೊಪ್ಪೆ ದಾಟಿ ವರ್ಷವಿಡೀ ಅಳಿವೆಗೆ ಬರುವುದರಿಂದ ಬೇಸಗೆಯಲ್ಲೂ ಅಲ್ಲಿ ಉಪ್ಪು ಏರುವುದಿಲ್ಲ. ಅಣೆಕಟ್ಟೇ ಇಲ್ಲದ ಅಘನಾಶಿನಿಯ ಮಾತು ಬೇರೆ. ಅಲ್ಲಿ ಬೇಸಗೆಯಲ್ಲಿ ಉಪ್ಪುನೀರು ಒಳಗೆ ಬಹುದೂರ ಏರುತ್ತದೆ, ಅದಕ್ಕೇ ಅಲ್ಲಿ ಉಪ್ಪಿನ ಗದ್ದೆ, ಅದಕ್ಕೇ ಬಳಚಿನ ರಾಶಿ. ಮಾಸ್ತರು ಇಷ್ಟನ್ನೂ ಪೀಠಿಕೆಯೆಂದು ಹೇಳುತ್ತಾರೆ. ವಿಷಯ ಇನ್ನೂ ಮುಂದಿದೆ.

ಆದ್ದರಿಂದ ಅವರು ಬಾವಿಯ ಸಿಹಿನೀರನ್ನು ಆರ್‌ಓ ಯಂತ್ರದಲ್ಲಿ ಸೋಸಿ, ಪರದೇಶದಿಂದ ಬಂದ ಉಪ್ಪನ್ನು ತೂಗಿ ಹಾಕಿ, ಕಲಸಿ, ಕಡಲನ್ನು ತಯಾರಿಸುತ್ತಾರೆ. ಟ್ಯಾಂಕು ಒಮ್ಮೆ ತುಂಬಲು ಹತ್ತೂವರೆ ಕಿಲೋ. "ಸಾಣಿಕಟ್ಟೆ ಉಪ್ಪು ಎಂತಕ್ಕೆ ಆಗ್ತಿಲ್ಲೆ?" ಎಂದು ಮಾಸ್ತರ ಹೆಂಡತಿ, ನಮಗೆಲ್ಲ ಅತ್ತಿಗೆ, ಕೇಳಿದರು. ನ್ಯಾಯವಾದ ಪ್ರಶ್ನೆ, ಗೋಕರ್ಣದ ಮಗ್ಗುಲಿನ ಸಾಣಿಕಟ್ಟೆಯಲ್ಲಿ ತಲೆತಲಾಂತರದಿಂದ ಕಡಲನ್ನೇ ಒಣಗಿಸಿ ಉಪ್ಪು ತೆಗೆಯುತ್ತಾರೆ. ಮಾಸ್ತರ ಉತ್ತರವೂ ಸರಿಯೇ: ನೀರು ಆರುತ್ತ ಬಂದಂತೆ ಸುಣ್ಣದ ಅಂಶ ಮೊದಲೇ ತಳ ಸೇರುತ್ತದೆ, ಮೆಗ್ನೀಸಿಯಮ್ ಕೊನೆಗೆ ಉಳಿದ ಕಹಿನೀರಿನ ಜೊತೆ ಹೋಗುತ್ತದೆ, ಕೈಗೆ ಬರುವುದು ಬಹುಪಾಲು ಸೋಡಿಯಂ ಕ್ಲೋರೈಡ್ ಮಾತ್ರ. ಸಾರಿಗೆ ಸಾಕು, ಮೀನಿಗೆ ಸಾಲದು. ರಸಾಯನಶಾಸ್ತ್ರದ ಮೇಲೆ ನನಗೆ ತಕರಾರಿಲ್ಲ. ಆದರೆ 1930ರಲ್ಲಿ ಪಕ್ಕದ ಅಂಕೋಲೆಯಲ್ಲಿ ಪರದೇಶಿ ಸರಕಾರದ ಕಾನೂನು ಮುರಿದು ಉಪ್ಪು ಮಾಡಿ ಜೈಲಿಗೆ ಹೋದವರ ಜಿಲ್ಲೆ ಇದು. ಇಲ್ಲಿ ಪರದೇಶಿ ಉಪ್ಪಿನ ಬಕೆಟ್ಟಿಗೆ ಕೊರಿಯರ್ ಚಾರ್ಜು ಕೊಟ್ಟು ಸಹಿ ಹಾಕುವಾಗ ಒಂದು ಕ್ಷಣವಾದರೂ ಕೈ ನಡುಗಬಾರದೇ?

ಒಮ್ಮೆ ನಾನೂ ಸ್ವಲ್ಪ ಓದಿಕೊಂಡು ಹೋದೆ. ಜಕಾರ್ತದ ಲೀ ಚಿನ್ ಎಂಗ್ ಎಂಬಾತ ಯಂತ್ರಗಳ ಗೊಡವೆಯಿಲ್ಲದೆ, ಕಡಲ ನೀರು, ಜೀವವಿರುವ ಕಲ್ಲು, ಸ್ವಲ್ಪ ಗಾಳಿಗುಳ್ಳೆ ಇಷ್ಟರಲ್ಲೇ ಟ್ಯಾಂಕು ನಡೆಸಿ 1961ರಲ್ಲಿ ಜಗತ್ತಿಗೆ ತಿಳಿಸಿದ್ದ, ನೀವೂ ಹಾಗೆ ಮಾಡಬಾರದೇಕೆ ಎಂದೆ. ಮಾಸ್ತರು ಕನ್ನಡಕ ಒರೆಸಿಕೊಂಡು, "ಜಕಾರ್ತದಲ್ಲಿ ಶರಾವತಿ ಇಲ್ಲ" ಎಂದರು.

ಇನ್ನು ಹವಳ. ಮುರ್ಡೇಶ್ವರದಾಚೆಯ ನೇತ್ರಾಣಿ ನಡುಗಡ್ಡೆಯ ಸುತ್ತ ಹವಳ ಇದೆ, ಜನ ಮುಳುಗಿ ನೋಡಿ ಬರುತ್ತಾರೆ. ಒಂದು ತುಂಡು ತಂದು ಟ್ಯಾಂಕಿನಲ್ಲಿಟ್ಟರೆ ಎಂಬ ಸಲಹೆ ಕೊಟ್ಟವರಿಗೆ ಮಾಸ್ತರು ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಮೊದಲ ಅನುಸೂಚಿಯನ್ನು ಒಪ್ಪಿಸುತ್ತಾರೆ. ಹುಲಿಗೆ ಇರುವ ರಕ್ಷಣೆಯೇ ಹವಳಕ್ಕೂ ಇದೆ. ಈ ವಿಷಯದಲ್ಲಿ ಅವರು ಕಡ್ಡಿ ಮುರಿದಂತೆ ಮಾತಾಡುತ್ತಾರೆ, ನನಗೆ ಅವರ ಮೇಲೆ ಗೌರವ ಹುಟ್ಟುವುದೂ ಇಲ್ಲಿಯೇ. ಹಾಗಾಗಿ ಟ್ಯಾಂಕಿನಲ್ಲಿರುವುದು ಬೆರಳುದ್ದದ ಎರಡು ಮೀನು, ಕೆಲವು ಪಿಂಗಾಣಿ ಕಲ್ಲು, ಮತ್ತು ಸದ್ದು.

ಸದ್ದು ಸ್ಕಿಮ್ಮರಿನದು. ಇದನ್ನು ಅರ್ಥ ಮಾಡಿಕೊಳ್ಳಲು ನಮ್ಮವರಿಗೆ ಆಲೆಮನೆ ಸಾಕು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಕಶ್ಮಲವೆಲ್ಲ ನೊರೆಯಾಗಿ ಮೇಲೆ ಬರುತ್ತದೆ, ಜಾಲರಿಯಿಂದ ತೆಗೆದು ಚೆಲ್ಲುತ್ತಾರೆ. ಸ್ಕಿಮ್ಮರಿನಲ್ಲಿ ಬೆಂಕಿ ಇಲ್ಲ, ಗಾಳಿ ಇದೆ. ಮುಳ್ಳುಚಕ್ರದ ಪಂಪು ಗಾಳಿಯನ್ನು ಕೊಚ್ಚಿ ಸಾಸಿವೆಗಿಂತ ಸಣ್ಣ ಗುಳ್ಳೆ ಮಾಡಿ ನೀರಿಗೆ ಬಿಡುತ್ತದೆ. ಮೀನಿನ ಹೇಲು, ತಿಂದುಳಿದ ಆಹಾರ ಇವುಗಳಿಂದ ನೀರಿಗೆ ಕರಗುವ ಪ್ರೋಟೀನಿನಂಥ ವಸ್ತುಗಳ ಒಂದು ತುದಿ ನೀರನ್ನು ಬಯಸುತ್ತದೆ, ಇನ್ನೊಂದು ತುದಿ ನೀರೆಂದರೆ ಆಗದು. ಆ ಆಗದ ತುದಿ ಗುಳ್ಳೆಗೆ ಆತುಕೊಳ್ಳುತ್ತದೆ, ಗುಳ್ಳೆ ಕೊಳವೆಯಲ್ಲಿ ಏರುತ್ತದೆ, ಮೇಲಿನ ಬಟ್ಟಲಿನಲ್ಲಿ ಕಂದು ಬಣ್ಣದ ನಾರುವ ರಸವಾಗಿ ಸೇರುತ್ತದೆ. ಉಪ್ಪುನೀರಿನಲ್ಲಿ ಸಣ್ಣ ಗುಳ್ಳೆಗಳು ಒಂದರೊಳಗೊಂದು ಬೇಗ ಕೂಡಿಕೊಳ್ಳುವುದಿಲ್ಲವಾದ್ದರಿಂದ ಈ ಆಟ ಇಲ್ಲಿ ನಡೆಯುತ್ತದೆ, ಸಿಹಿನೀರಿನಲ್ಲಿ ನಡೆಯುವುದು ಕಷ್ಟ. ಆಷಾಢದಲ್ಲಿ ಕಡಲು ದಡಕ್ಕೆ ತಂದು ಹಾಕುವ ನೊರೆಯ ಹಿಂದಿರುವುದೂ ಇದೇ ತತ್ತ್ವ.

ಹಳೆಯ ಸ್ಕಿಮ್ಮರು ಹೇಗೋ ನಡೆದಿತ್ತು. ನಡೆಯುತ್ತಿರುವುದೇ ಇಂಥವರಿಗೆ ಬೇಸರ. ಹೊಸದು ದುಬೈಯಲ್ಲಿ ಇದೆಯೆಂದು ಗೊತ್ತಾಯಿತು, ದುಬೈ ಎಂದರೆ ಭಟ್ಕಳದವರಿಗೆ ಪಕ್ಕದ ಕೇರಿ. ಅಲ್ಲಿ ಕೆಲಸಕ್ಕಿರುವ ಹಳೆಯ ವಿದ್ಯಾರ್ಥಿಯೊಬ್ಬ, ನವಾಯತರ ಹುಡುಗ, ಗುರುದಕ್ಷಿಣೆ ಬಾಕಿಯಿದೆಯೆಂದು ತಾನೇ ಒಪ್ಪಿಕೊಂಡ. ಲಗೇಜಿನ ತೂಕ ಸರಿಮಾಡಲು ಅಕ್ಕನಿಗೆಂದು ಕೊಂಡ ಕಂಬಳಿಗಳನ್ನು ಅಲ್ಲೇ ಬಿಟ್ಟು, ಟವೆಲ್ಲುಗಳ ನಡುವೆ ಸ್ಕಿಮ್ಮರನ್ನು ಮಲಗಿಸಿ ತಂದ. "ಸರ್, ನಿಮ್ಮ ಸಾಮಾನು ಬಂದಿದೆ" ಎಂದು ಫೋನು ಬಂದಾಗ ಮಾಸ್ತರು ಭೀಷ್ಮನ ಅರ್ಥವನ್ನು ಅರ್ಧಕ್ಕೆ ನಿಲ್ಲಿಸಿ ಭಟ್ಕಳದ ಬಸ್ಸು ಹತ್ತಿದರು. ಭೀಷ್ಮ ಇಚ್ಛಾಮರಣಿ, ಕಾಯಬಲ್ಲ. ಆ ಮನೆಯವರು ಬಿರಿಯಾನಿಗೆ ಒತ್ತಾಯಿಸಲಾರದೆ ಶರಬತ್ತು ಕೊಟ್ಟು, ಬರುವಾಗ "ಅಮ್ಮನವರಿಗೆ" ಎಂದು ಒಂದು ಮೊಳ ಭಟ್ಕಳ ಮಲ್ಲಿಗೆಯನ್ನೂ ಕಟ್ಟಿಕೊಟ್ಟರು. ಆ ಮಲ್ಲಿಗೆಯಿಂದಾಗಿ ಸ್ಕಿಮ್ಮರಿನ ಬೆಲೆ ಎಷ್ಟೆಂಬ ಪ್ರಶ್ನೆ ಮರುದಿನದವರೆಗೆ ಮುಂದೆ ಹೋಯಿತು.

ಜೋಡಿಸಿದ್ದಾಯಿತು. ನೊರೆ ಬರಲಿಲ್ಲ. ಹೊಸ ಪ್ಲಾಸ್ಟಿಕ್ಕಿನ ಜಿಡ್ಡು ಹೋಗಿ ಯಂತ್ರ ಪಳಗಲು ಕೆಲವು ದಿನ ಬೇಕೆಂದು ಪುಸ್ತಿಕೆಯಲ್ಲೇ ಬರೆದಿದೆ. ಮಾಸ್ತರು ಅದನ್ನು ವಿನೆಗರಿನಲ್ಲಿ ಮೀಯಿಸಿದರು, ನೀರಿನ ಮಟ್ಟವನ್ನು ಬೆರಳಗಲ ಏರಿಸಿದರು, ಇಳಿಸಿದರು. ಕೈ ಹಾಕಿದಷ್ಟೂ ಚರ್ಮದ ಎಣ್ಣೆ ನೀರಿಗೆ ಸೇರಿ ಇದ್ದ ಗುಳ್ಳೆಯೂ ಕುಸಿಯುತ್ತದೆ. ಇದು ಅವರಿಗೆ ಗೊತ್ತು, ಆದರೂ ಕೈ ಕೇಳಬೇಕಲ್ಲ. ಕೊನೆಗೊಂದು ನಡುರಾತ್ರಿ "ಬಂತು, ಬಂತು!" ಎಂಬ ಕೂಗಿಗೆ ಅತ್ತಿಗೆ ಬೆಂಗಳೂರಿನಿಂದ ಮಗನೇ ಬಂದನೆಂದು ದೀಪ ಹಾಕಿದರು. ಬಂದದ್ದು ಅರ್ಧ ಚಮಚ ನೊರೆ. ಅದೇ ವಾರ ಗಾಳಿಮಳೆಗೆ ಕರೆಂಟು ಹೋಯಿತು, ಬೆಳಗಿನ ಜಾವ ಬಂತು, ಬಂದ ರಭಸಕ್ಕೆ ಸ್ಕಿಮ್ಮರು ಉಕ್ಕಿ ಬಟ್ಟಲಿನದ್ದೆಲ್ಲ ಜಗಲಿಗೆ ಹರಿಯಿತು. ಮೂರು ದಿನ ಆ ಮನೆಯ ಸಸ್ಯಾಹಾರದ ಬಗ್ಗೆ ದಾರಿಹೋಕರಿಗೆ ಸಂಶಯವಿತ್ತು.

ಈಗ ಮನೆಗೆ ಹೋದವರಿಗೆ ಮೀನು ತೋರಿಸುವ ಪದ್ಧತಿ ನಿಂತಿದೆ. ನೇರವಾಗಿ ಬಟ್ಟಲಿನ ಹತ್ತಿರ ಕರೆದೊಯ್ಯುತ್ತಾರೆ. ತಿಳಿ ಚಹಾದ ಬಣ್ಣಕ್ಕೆ ಬಂದರೆ ಸಾಧಾರಣ, ಕಡುಕಷಾಯಕ್ಕೆ ತಿರುಗಿದರೆ ಉತ್ತಮ. "ನೋಡಿ, ಇಷ್ಟೂ ನೀರಿನಲ್ಲೇ ಇತ್ತು!" ಎನ್ನುವಾಗ ಅವರ ಮುಖದಲ್ಲಿ ಕಾಣುವ ಹೆಮ್ಮೆ, ವಿದ್ಯಾರ್ಥಿಗೆ ರ‍್ಯಾಂಕು ಬಂದ ವರ್ಷದಲ್ಲೂ ಕಂಡಿರಲಿಲ್ಲವಂತೆ. ತೆಗೆದದ್ದನ್ನು ತೆಂಗಿನ ಬುಡಕ್ಕೆ ಚೆಲ್ಲುತ್ತಾರೆ. ತೆಂಗಿಗೆ ಉಪ್ಪು ಒಗ್ಗುತ್ತದೆ. ಆ ಮರದ ಕಾಯಿ ಅತ್ತಿಗೆಗೆ ಒಗ್ಗಿಲ್ಲ.

ಆದರೆ ನೊರೆ ದಿನವೂ ಬರುವುದಿಲ್ಲ. ಕಾರಣ ಡಬ್ಬದ ಮೇಲೇ ಇದೆ: ಯಂತ್ರ 800 ಲೀಟರಿನ ಟ್ಯಾಂಕಿಗೆ ಮಾಡಿದ್ದು. ಇಲ್ಲಿ ನೀರು 300, ಮೀನು ಎರಡು, ಹೊಲಸು ಸಾಲದು. ಹೊಲಸು ಹೆಚ್ಚಾಗಬೇಕಾದರೆ ಮೀನು ಹೆಚ್ಚು ತಿನ್ನಬೇಕು. ಹೀಗೆ ಹುಟ್ಟಾ ಸಸ್ಯಾಹಾರಿ ಮಾಸ್ತರು ಶೆಟ್ಲಿ ಕೊಳ್ಳಲು ಹೊರಟರು. ಹೊನ್ನಾವರದ ಪೇಟೆಯಲ್ಲಿ ಎಲ್ಲರೂ ಪರಿಚಿತರು, ಅದಕ್ಕೆ ಕುಮಟೆಗೆ ಹೋದರು. ಅಲ್ಲಿ ಮೊದಲ ಬುಟ್ಟಿಯ ಹೆಂಗಸೇ, "ಮಾಸ್ತರ್ರೇ, ನೀವಾ? ನಮ್ಮ ಹುಡುಗ ನಿಮ್ಮ ಕೈಲೇ ಕಲ್ತದ್ದು" ಎಂದು ಜಾಗ ಬಿಟ್ಟಳು.

"ನಮಗಲ್ಲ. ಮೀನಿಗೆ" ಎಂದರು ಮಾಸ್ತರು.

ಆಕೆ ತೂಕದ ತಟ್ಟೆ ಇಳಿಸಿ ಒಂದು ಗಳಿಗೆ ನೋಡಿದಳು. "ಬೆಕ್ಕಿಗೆ ಹೇಳಿ ತಕಂಡು ಹೋಗುವವ್ರು ಸುಮಾರು ಜನ ಇದ್ದಾರೆ. ಮೀನಿಗೆ ಅಂದವ್ರು ನೀವೇ ಮೊದ್ಲು."

ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ, ಮೀನಿನ ದರ ಕೇಳುವ ಹಾಗಿಲ್ಲ. ಆ ದಿನಗಳಲ್ಲಿ ಮಾಸ್ತರ ಮನೆಯ ಎರಡು ಮೀನು ಮಾತ್ರ ಮೂರೂರಿನ ಯಾವ ಮನೆಯವರಿಗಿಂತಲೂ ಚೆನ್ನಾಗಿ ಉಂಡವು. ದಪ್ಪಗಿರುವುದು ಹೆಣ್ಣು. ಕ್ಲೌನ್ ಮೀನು ಹುಟ್ಟುವಾಗ ಗಂಡು. ಗುಂಪಿನಲ್ಲಿ ದೊಡ್ಡದು ಹೆಣ್ಣಾಗಿ ಯಜಮಾನಿಕೆ ಹಿಡಿಯುತ್ತದೆ, ಅದು ಸತ್ತರೆ ಗಂಡು ಹೆಣ್ಣಾಗುತ್ತದೆ. ಮಾಸ್ತರು ಇದನ್ನು ವಿವರಿಸಿದ ದಿನ ಅತ್ತಿಗೆ ಮೊದಲ ಸಲ ಟ್ಯಾಂಕಿನ ಮುಂದೆ ಕುರ್ಚಿ ಎಳೆದು ಕೂತರು. "ಇದೊಂದು ಅಡ್ಡಿಲ್ಲೆ" ಎಂದರು.

ಎಷ್ಟು ತಿನ್ನಿಸಿದರೂ ಎರಡು ಮೀನು ಎಷ್ಟೆಂದು ಹೊಲಸು ಮಾಡಿಯಾವು? ಮೀನಿಗಾಗಿ ಸ್ಕಿಮ್ಮರು ತಂದ ಮಾಸ್ತರು ಈಗ ಸ್ಕಿಮ್ಮರಿಗಾಗಿ ಇನ್ನಷ್ಟು ಮೀನು ತರುವ ಯೋಚನೆಯಲ್ಲಿದ್ದಾರೆ. ಅಷ್ಟು ಮೀನಿಗೆ ಈಗಿನ ಟ್ಯಾಂಕು ಸಾಲದು. ಜಗಲಿಯ ಒಂದು ಗೋಡೆ ಒಡೆದರೆ 800 ಲೀಟರಿನದು ಕೂಡ್ರುತ್ತದೆಂದು ಟೇಪು ಹಿಡಿದು ಅಳೆದೂ ಆಗಿದೆ. ಭಟ್ಕಳ, ಹೊನ್ನಾವರ, ಕುಮಟೆಯಲ್ಲಿ ಯಾರ ಹತ್ತಿರವಾದರೂ ಅಷ್ಟು ದೊಡ್ಡ ಗಾಜಿನ ಟ್ಯಾಂಕು ಮಾರಾಟಕ್ಕಿದ್ದರೆ, ದಯವಿಟ್ಟು ಮಾಸ್ತರಿಗೆ ತಿಳಿಸಬೇಡಿ. ಅತ್ತಿಗೆಯ ಪರವಾಗಿ ಕೇಳಿಕೊಳ್ಳುತ್ತಿದ್ದೇನೆ.